ಬೆರಳ ತುದಿಯ ಜುಗಾರಿ

ಜುಗಾರಿ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಗುಡ್ಡೆಯ ಮರೆಯಲ್ಲಿ ಇಸ್ಪೀಟು ಹಿಡಿದು ಕೂತವರು, ಕೋಳಿ ಅಂಕಕ್ಕೆ ಪಣ ಕಟ್ಟುವವರು, ಗೂಡಂಗಡಿಯ ಹಿಂದೆ ಮಟ್ಕಾ ಚೀಟಿ ಬರೆಯುವವರು. ಪೊಲೀಸರು ದಾಳಿ ಮಾಡಿ ನಗದು ವಶಪಡಿಸಿಕೊಂಡರೆಂಬ ಸುದ್ದಿ ಓದಿ, ‘ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ, ಅಲ್‌ಹಮ್ದುಲಿಲ್ಲಾಹ್’ ಎಂದು ಪುಟ ಮಗುಚುತ್ತೀರಿ. ಆದರೆ ಇಂದಿನ ಜುಗಾರಿಗೆ ಗುಡ್ಡೆಯೂ ಬೇಡ, ಗೂಡಂಗಡಿಯೂ ಬೇಡ. ಇಶಾ ನಮಾಝ್ ಮುಗಿಸಿ ಬಂದ ಮಗ ಹೊದಿಕೆಯೊಳಗೆ ಮೊಬೈಲ್ ಹಿಡಿದು ಮಲಗಿದ್ದಾನಲ್ಲ, ಅಲ್ಲಿಯೂ ಅದು ನಡೆಯಬಹುದು.

ನಡೆಯುವ ರೀತಿ ಹೀಗೆ. ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂನಲ್ಲಿ ಯಾರೋ ಒಬ್ಬ ಹುಡುಗನಿಗೆ ‘ಐಡಿ’ ಕೊಡುತ್ತಾನೆ. ಆರಂಭದಲ್ಲಿ ಐನೂರು ಹಾಕಿದರೆ ಎಂಟುನೂರು ಬರುತ್ತದೆ, ಖಾತೆಗೂ ಜಮೆಯಾಗುತ್ತದೆ. ಗಾಳಕ್ಕೆ ಸಿಕ್ಕಿಸಿದ ಹುಳ ಅದು. ಮೊತ್ತ ದೊಡ್ಡದಾದ ಮೇಲೆ ಗೆದ್ದ ಹಣ ಪರದೆಯ ಮೇಲೆ ಕಾಣುತ್ತದೆಯೇ ಹೊರತು ಕೈಗೆ ಬರುವುದಿಲ್ಲ. ‘ಮೊದಲು ತೆರಿಗೆ ಕಟ್ಟಿ, ಆಮೇಲೆ ಬಿಡುಗಡೆ’ ಎನ್ನುತ್ತಾರೆ. ಹೋದದ್ದನ್ನು ಮರಳಿ ಪಡೆಯುವ ಆಸೆಯಲ್ಲಿ ಹುಡುಗ ಅದನ್ನೂ ಕಟ್ಟುತ್ತಾನೆ.

ಹಾಗಾದರೆ ದೂರು ಕೊಟ್ಟು ಗೆದ್ದ ಹಣ ವಸೂಲಿ ಮಾಡಬಹುದಲ್ಲ ಎಂದು ನೀವು ಕೇಳಬಹುದು. 1872ರ ಕರಾರು ಕಾಯಿದೆಯ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದಕ್ಕೆ ಬೆಲೆಯೇ ಇಲ್ಲ. ಬಾಜಿಯಲ್ಲಿ ಗೆದ್ದದ್ದನ್ನು ಕೊಡಿಸಿ ಎಂದು ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಕಾನೂನು ನಿಷೇಧಿಸಿದ ಕಡೆ ವ್ಯಾಪಾರ ಮಾಡುವವನಿಗೆ ಇದು ಚೆನ್ನಾಗಿ ಗೊತ್ತಿದೆ. ಮೋಸ ಹೋದವನು ನಾಚಿಕೆಯಿಂದಲೂ ಭಯದಿಂದಲೂ ಬಾಯಿ ಬಿಡುವುದಿಲ್ಲ ಎಂಬುದೇ ಅವನ ಬಂಡವಾಳ.

ನಮ್ಮ ರಾಜ್ಯದಲ್ಲಿ 1963ರ ಪೊಲೀಸ್ ಕಾಯಿದೆಯಡಿ ಮಟ್ಕಾವೂ ಬೆಟ್ಟಿಂಗೂ ಅಪರಾಧ. 2007ರಲ್ಲಿ ಲಾಟರಿ ನಿಂತಿತು. ಆಗ ನಿಟ್ಟುಸಿರು ಬಿಟ್ಟ ತಾಯಂದಿರು ಎಷ್ಟೋ. 2021ರ ಅಕ್ಟೋಬರ್‌ನಲ್ಲಿ ಸರಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಕೌಶಲದ ಆಟ ಜೂಜಲ್ಲವೆಂದು ಕಂಪೆನಿಗಳು ವಾದಿಸಿದವು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಬಳಿಕ ಕ್ರಿಕೆಟಿಗರೂ ನಟರೂ ಟಿವಿಯಲ್ಲಿ ಬಂದು ‘ತಂಡ ಕಟ್ಟಿ’ ಎಂದು ನಮ್ಮ ಮಕ್ಕಳನ್ನು ಕರೆಯುತ್ತಲೇ ಇದ್ದರು. ಕೊನೆಗೆ ಸಂಸತ್ತು ಹಣದ ಆಟಗಳನ್ನೆಲ್ಲ, ಕೌಶಲವೋ ಅದೃಷ್ಟವೋ ಎಂದು ನೋಡದೆ, ನಿಷೇಧಿಸುವ ಮಸೂದೆ ಅಂಗೀಕರಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಡಿಸುವವನಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವನಿಗೆ 2 ವರ್ಷ, 50 ಲಕ್ಷ. ಆಡಿದವನನ್ನು ಅದು ಶಿಕ್ಷಿಸುವುದಿಲ್ಲ. ದೊಡ್ಡ ಕಂಪೆನಿಗಳು ಹಣದ ಆಟ ನಿಲ್ಲಿಸಿದವು. ವಿದೇಶದಲ್ಲಿ ಕೂತು ಹೆಸರು ಬದಲಿಸುತ್ತಾ ಆಡಿಸುವವರು ನಿಲ್ಲಿಸಿಲ್ಲ.

ಕುರ್‌ಆನ್ ಇದನ್ನು ‘ಮೈಸಿರ್’ ಎನ್ನುತ್ತದೆ. ಸುಲಭ ಎಂಬ ಅರ್ಥದ ಧಾತುವಿನೊಂದಿಗೆ ಈ ಪದವನ್ನು ವಿದ್ವಾಂಸರು ಜೋಡಿಸುತ್ತಾರೆ. ಬೆವರಿಲ್ಲದೆ ಬರುವ ಹಣ. ಇಸ್ಲಾಮಿಗೆ ಮುಂಚೆ ಅರಬರು ಒಂಟೆ ಕಡಿದು, ಬಾಣಗಳನ್ನೆತ್ತಿ ಪಾಲು ಹಂಚುತ್ತಿದ್ದರು. ಸೋತವನು ಒಂಟೆಯ ಬೆಲೆ ತೆರುತ್ತಿದ್ದ, ಗೆದ್ದವನು ಮಾಂಸವನ್ನು ಬಡವರಿಗೆ ಕೊಡುತ್ತಿದ್ದ. ಬಡವರ ಹೊಟ್ಟೆ ತುಂಬಿಸಿದ ಜೂಜು ಅದು! ಅಲ್ ಬಕರ ಅಧ್ಯಾಯದ 219ನೇ ಸೂಕ್ತ ಅದರಲ್ಲಿ ಪ್ರಯೋಜನವಿದೆಯೆಂದು ಒಪ್ಪಿಕೊಂಡೇ ಪಾಪವು ಅದಕ್ಕಿಂತ ದೊಡ್ಡದೆಂದಿತು. ಹಾಗಿರುವಾಗ ಯಾವ ಬಡವನಿಗೂ ಒಂದು ತುತ್ತು ಕೊಡದ ಮೊಬೈಲ್ ಬಾಜಿಗೆ ಏನು ಸಮರ್ಥನೆ? ‘ಬಾ, ಜೂಜಾಡೋಣ’ ಎಂದು ಬಾಯಲ್ಲಿ ಕರೆದವನೂ ದಾನ ಮಾಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆಟವಲ್ಲ, ಬರೀ ಕರೆದದ್ದಕ್ಕೆ.

ಈ ಬೆಂಕಿ ಮನೆಯೊಳಗೆ ಮೊದಲು ತಗಲುವುದು ಹೆಣ್ಣಿಗೆ. 2024ರ ಮಾರ್ಚ್‌ನಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ತರುಣಿಯೊಬ್ಬಳು ಪ್ರಾಣ ಕಳೆದುಕೊಂಡಳು. ಗಂಡ ಐಪಿಎಲ್ ಬೆಟ್ಟಿಂಗ್‌ನಲ್ಲಿ ಸೋತಿದ್ದ. ಸಾಲ ಕೊಟ್ಟವರು ಮನೆಗೆ ಬಂದು ಪೀಡಿಸುತ್ತಿದ್ದರೆಂಬ ದೂರಿನ ಮೇಲೆ ಪ್ರಕರಣ ದಾಖಲಾಯಿತು. ಆಕೆ ಒಂದು ರೂಪಾಯಿಯನ್ನೂ ಪಣ ಕಟ್ಟಿದವಳಲ್ಲ.

ಶಿರ್ವದ ಆಸುಪಾಸಿನಲ್ಲಿ ಮಲ್ಲಿಗೆ ಕಟ್ಟಿ, ಬೀಡಿ ಸುತ್ತಿ ಕಾಸು ಕೂಡಿಸುವ ಹೆಂಗಸರಿದ್ದಾರೆ. ಶಂಕರಪುರ ಮಲ್ಲಿಗೆಗೆ ಒಂದು ದಿನ ದರ ಏರುತ್ತದೆ, ಮರುದಿನ ಇಳಿಯುತ್ತದೆ. ಆ ಏರಿಳಿತ ಸಹಿಸಿ ಕೂಡಿಟ್ಟ ದುಡ್ಡು ಒಂದು ಕ್ರಿಕೆಟ್ ಓವರ್‌ನಲ್ಲಿ ಹೋಗುತ್ತದೆ. ಆಮೇಲೆ ಕೈ ಹೋಗುವುದು ಬಂಗಾರಕ್ಕೆ. ಮಹ್ರ್ ಆಗಿ ಬಂದ ಬಂಗಾರ ನಿಮ್ಮದೇ. ನೀವು ಮನಸಾರೆ ಕೊಟ್ಟರಷ್ಟೇ ಗಂಡನು ಅದನ್ನು ಬಳಸಬಹುದೆಂದು ಅನ್ನಿಸಾ ಅಧ್ಯಾಯದ 4ನೇ ಸೂಕ್ತ ಹೇಳುತ್ತದೆ. ‘ಬ್ಯಾಂಕಿನಲ್ಲಿ ಅಡವಿಟ್ಟು ಬರುತ್ತೇನೆ, ತಿಂಗಳಲ್ಲಿ ಬಿಡಿಸುತ್ತೇನೆ’ ಎಂದಾಗ ಯಾತಕ್ಕೆ ಎಂದು ಕೇಳುವುದು ಅವಿಧೇಯತೆಯಲ್ಲ.

ಇನ್ನೊಂದು ಅಪಾಯವಿದೆ, ಇದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ’ ಎಂದು ಕಾಲೇಜು ಹುಡುಗರನ್ನು ಕೇಳುವವರಿದ್ದಾರೆ. ಬಾಜಿಯ ಹಣ, ಮೋಸದ ಹಣ ಆ ಖಾತೆಯ ಮೂಲಕ ಹರಿಯುತ್ತದೆ. ಎಲ್ಲೋ ದೂರದ ರಾಜ್ಯದಲ್ಲಿ ದೂರು ದಾಖಲಾದಾಗ ಖಾತೆ ಸ್ಥಗಿತವಾಗುತ್ತದೆ, ನೋಟಿಸು ಬರುವುದು ಖಾತೆಯ ಹೆಸರಿನವನಿಗೆ. ಗಲ್ಫಿಗೆ ಹೋಗಲು ಪೊಲೀಸ್ ಕ್ಲಿಯರೆನ್ಸ್ ಬೇಕಾದ ನಮ್ಮ ಹುಡುಗರಿಗೆ ಇದರ ಬೆಲೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಗೆ ತಲುಪಿದವರೂ ಎಚ್ಚರವಾಗಿರಬೇಕು. ಸೌದಿ, ಕುವೈತ್, ಕತಾರ್‌ಗಳಲ್ಲಿ ಜೂಜು ಅಪರಾಧ. ಯುಎಇಯಲ್ಲಿ 2024ರಲ್ಲಿ ಪರವಾನಿಗೆಯ ಲಾಟರಿ ಬಂದಿದ್ದರೂ ಪರವಾನಿಗೆಯಿಲ್ಲದ ಬಾಜಿ ಅಪರಾಧವೇ.

ಮಗನ ಕೈಯಲ್ಲಿ ಇದು ಸಿಕ್ಕಿತೆಂದಿಟ್ಟುಕೊಳ್ಳಿ. ಬೈದು, ಶಪಿಸಿ, ನೆರೆಹೊರೆಗೆ ಕೇಳುವಂತೆ ಅಳಬೇಡಿ. ಅವನು ಇನ್ನೂ ಆಳಕ್ಕೆ ಬಚ್ಚಿಡುತ್ತಾನೆ. ಎಷ್ಟು ಹೋಯಿತು, ಯಾರಿಗೆ ಬಾಕಿ ಎಂದು ಕೂತು ಬರೆಸಿ. ‘ಇದೊಂದು ಸಲ ಕಟ್ಟಿದರೆ ಎಲ್ಲ ಮರಳುತ್ತದೆ’ ಎಂಬ ಮಾತಿಗೆ ಬಳೆ ಬಿಚ್ಚಿ ಕೊಡಬೇಡಿ. ಹಣ ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ವಸೂಲಿಗೆ ಬಂದು ಬೆದರಿಸುವವನ ಬಗ್ಗೆ 112ಕ್ಕೆ ಹೇಳಬಹುದು. ಚಟ ಬಿಡಲಾಗದೆ ಒದ್ದಾಡುತ್ತಿದ್ದರೆ, ಅಥವಾ ಸಾಯುವ ಮಾತು ಅವನ ಬಾಯಿಂದ ಬಂದರೆ, ಟೆಲಿ ಮಾನಸ್ ಸಹಾಯವಾಣಿ 14416 ರಾತ್ರಿಯೂ ತೆರೆದಿರುತ್ತದೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನು ಮಾಡದಿದ್ದರೆ ನೀವೇ ಮಾಡಿ.