ಲೋಹ ಕೊಯ್ಯುವ ಪ್ಲಾಸ್ಮಾ ಯಂತ್ರ: ಅದರ ಸ್ಥಾಪನೆ, ಬಳಕೆ ಮತ್ತು ಪಾಲನೆ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಮಾರ್ಗದಲ್ಲಿ, ದೇವಲ ಗಾಣಗಾಪುರಕ್ಕೆ ದಾರಿ ಕವಲೊಡೆಯುವಲ್ಲಿ ಚೌಡಾಪುರವಿರುವುದು. ಇಲ್ಲಿನ ಎರೆಭೂಮಿಯ ಒಕ್ಕಲುತನದಲ್ಲಿ ತೊಗರಿಯ ಬಿತ್ತನೆಗೆ ಮುಂಚೆಯೇ ಕುಂಟೆ, ಕೂರಿಗೆ, ಟ್ರಾಕ್ಟರಿನ ನೇಗಿಲುಗಳನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ. ಈ ಕೆಲಸಕ್ಕೆ ಪ್ಲಾಸ್ಮಾ ಯಂತ್ರವು ಬಹಳ ಉಪಯುಕ್ತವಾದುದು. ಆದರೆ ಅರಿಯದೆ ಬಳಸಿದರೆ ಆಳಿನ ಪ್ರಾಣಕ್ಕೇ ಎರವಾಗಬಲ್ಲುದು.

ಈ ಯಂತ್ರದಲ್ಲಿ ಒತ್ತಿದ ಗಾಳಿಯು ಕಿರಿದಾದ ರಂಧ್ರದ ಮೂಲಕ ವಿದ್ಯುತ್ ಜ್ವಾಲೆಯೊಡನೆ ಹೊರಬೀಳುತ್ತದೆ. ಆಗ ಅದರ ಉಷ್ಣತೆಯು 20,000 ಸೆಂಟಿಗ್ರೇಡ್ ಅಂಶಗಳನ್ನು ಮುಟ್ಟಿ, ಲೋಹವನ್ನು ಕರಗಿಸಿ ಊದಿಬಿಡುತ್ತದೆ. ಗ್ಯಾಸ್ ಜ್ವಾಲೆಗೆ ಬಗ್ಗದ ಅಲ್ಯೂಮಿನಿಯಂ ಮತ್ತು ತುಕ್ಕುಹಿಡಿಯದ ಉಕ್ಕನ್ನೂ ಇದು ಕೊಯ್ಯುವುದು. 40 ಆಂಪಿಯರಿನ ಯಂತ್ರವು ಸುಮಾರು 10 ಮಿಲಿಮೀಟರ್ ದಪ್ಪದ ಉಕ್ಕಿಗೆ ಸಾಕು.

ಸ್ಥಾಪನೆ: ಬೆಸುಗೆಯ ಯಂತ್ರದ ತುದಿಯಲ್ಲಿ ಸುಮಾರು 80 ವೋಲ್ಟ್ ಇದ್ದರೆ, ಇದರಲ್ಲಿ 200ಕ್ಕೂ ಮೀರಿ ಇರುತ್ತದೆ. ಆದುದರಿಂದ ಎರಡನ್ನೂ ಒಂದೇ ಎಂದು ಭಾವಿಸಕೂಡದು. ದೀಪದ ತಂತಿಯಿಂದ ವಿದ್ಯುತ್ತನ್ನು ತೆಗೆದುಕೊಳ್ಳದೆ, ದಪ್ಪ ತಂತಿಯನ್ನೂ ಪ್ರತ್ಯೇಕ ಸ್ವಿಚ್ಚನ್ನೂ ಅರಿತ ಕೆಲಸಗಾರನಿಂದ ಹಾಕಿಸತಕ್ಕದ್ದು. ಅರ್ಥಿಂಗ್ ಕಡ್ಡಾಯವು. ಎರೆಮಣ್ಣು ಬೇಸಗೆಯಲ್ಲಿ ಒಣಗಿ ಬಿರಿಯುವುದರಿಂದ ಅರ್ಥಿಂಗ್ ಗುಂಡಿಯ ಹಿಡಿತ ಸಡಿಲವಾಗುತ್ತದೆ. ಆಗಾಗ ನೀರು ಹೊಯ್ದು ತೇವವನ್ನು ಕಾಯಬೇಕು. ಗಾಳಿಯು ಒಣಗಿರಬೇಕು, ಕಂಪ್ರೆಸರಿನ ತೊಟ್ಟಿಯಲ್ಲಿ ನಿಂತ ನೀರನ್ನು ದಿನವೂ ಬಿಟ್ಟುಬಿಡತಕ್ಕದ್ದು. ಗಾಳಿಗೆ ಬದಲಾಗಿ ಆಮ್ಲಜನಕದ ಸಿಲಿಂಡರನ್ನು ಜೋಡಿಸಲೇಕೂಡದು.

ಬಳಕೆ: ಭೂಸಂಪರ್ಕದ ಚಿಮಟಿಯನ್ನು ಬಣ್ಣ, ತುಕ್ಕುಗಳನ್ನು ಕೆರೆದ ಲೋಹಕ್ಕೇ ಹಚ್ಚಬೇಕು. 40 ಆಂಪಿಯರಿಗೆ 5 ಅಥವಾ 6ನೆಯ ಅಂಕದ ಕಪ್ಪು ಗಾಜು ಬೇಕು, ಬಿಸಿಲುಕನ್ನಡಕ ಸಾಲದು. ಚರ್ಮದ ಕೈಗವಸು, ಹತ್ತಿಯ ಬಟ್ಟೆ, ಒಣಗಿದ ಪಾದರಕ್ಷೆ ಇರಬೇಕು. ಸತುವು ಲೇಪಿಸಿದ ತಗಡಿನ ಹೊಗೆಯಿಂದ ಜ್ವರ ಬರುವುದುಂಟು. ಅದನ್ನು ಬಯಲಿನಲ್ಲಿ, ಗಾಳಿಗೆ ಬೆನ್ನುಮಾಡಿ ಕೊಯ್ಯತಕ್ಕದ್ದು. ಕಿಡಿಗಳು ದೂರ ಸಿಡಿಯುವುದರಿಂದ 35 ಅಡಿಯೊಳಗೆ ಕಣಿಕೆಯ ಬಣವೆ, ತೊಗರಿಕಟ್ಟಿಗೆ, ಡೀಸೆಲ್ ಇರಕೂಡದು. ಕೆಲಸ ಮುಗಿದ ಬಳಿಕವೂ ಅರ್ಧ ಗಂಟೆ ಕಾವಲಿರಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯವು ಹಳೆಯ ಪೀಪಾಯಿಯದು. ದನಗಳ ನೀರಿನ ತೊಟ್ಟಿಗಾಗಿ ಡೀಸೆಲ್ ಅಥವಾ ಕೀಟನಾಶಕದ ಪೀಪಾಯಿಯನ್ನು ಕೊಯ್ಯಿಸುವ ರೂಢಿಯುಂಟು. ನೀರಿನಿಂದ ತೊಳೆದರೂ ಒಳಗೆ ಉಳಿದ ಆವಿಯು ಕಿಡಿ ತಾಗಿದೊಡನೆ ಸಿಡಿಯಬಹುದು. ಇಂಥದನ್ನು ಯಾವ ಕಾರಣಕ್ಕೂ ಕೊಯ್ಯಿಸಕೂಡದು. ಹೊಸ ತಗಡಿನ ಬೆಲೆ ಮನುಷ್ಯನ ಬೆಲೆಗಿಂತ ಹೆಚ್ಚಲ್ಲ.

ಪಾಲನೆ: ಟಾರ್ಚಿನ ತುದಿಯನ್ನು ಮುಟ್ಟುವ ಮೊದಲು ಸ್ವಿಚ್ಚನ್ನು ಆರಿಸಬೇಕು. ರಂಧ್ರವು ದುಂಡಗಿಲ್ಲದಿದ್ದರೆ ಮೂತಿಯನ್ನೂ, ನಡುವಿನ ಗುಳಿ ಒಂದೂವರೆ ಮಿಲಿಮೀಟರಿನಷ್ಟಾದರೆ ಎಲೆಕ್ಟ್ರೋಡನ್ನೂ ಬದಲಿಸತಕ್ಕದ್ದು. ಯಂತ್ರದ ಪೆಟ್ಟಿಗೆಯೊಳಗೆ ಸ್ವಿಚ್ಚು ಆರಿದ ಮೇಲೂ ವಿದ್ಯುತ್ತು ಕೆಲಕಾಲ ನಿಲ್ಲುವುದರಿಂದ ಅದನ್ನು ತಿಳಿದವರೇ ಬಿಚ್ಚಬೇಕು.

ಯಂತ್ರ ಕೊಳ್ಳುವವರು ಭೂಮಾಲೀಕರು, ಹಿಡಿಯುವವರು ಆಳುಗಳು. ಆದಕಾರಣ ಅರ್ಥಿಂಗ್ ಇಲ್ಲದಲ್ಲಿ, ಬಣವೆಯ ಬಳಿಯಲ್ಲಿ, ಪೀಪಾಯಿಯ ಮೇಲೆ ಯಂತ್ರವನ್ನು ಹಚ್ಚಲು ಬಿಡದಿರುವುದು ಗ್ರಾಮದ ಮುಖಂಡರ ಹಾಗೂ ಯಜಮಾನರ ಹೊಣೆಯಾಗಿರುತ್ತದೆ.