ಅಜ್ಜನ ಜಾವಾಕ್ಕೆ ಬಣ್ಣ ಹಚ್ಚುವ ಮುಂಚೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಊರುಗಳಲ್ಲಿ ದನದ ಕೊಟ್ಟಿಗೆಯೊಳಗೆ ಗೋಣಿಚೀಲ ಹೊದ್ದು ನಿಂತ ಹಳೇ ಗಾಡಿ ಕಂಡರೆ ಆಶ್ಚರ್ಯ ಪಡಬೇಡಿ. ಅದು ಜಾವಾ ಇಲ್ಲಾ ಯೆಜ್ಡಿ ಆಗಿದ್ರಂತೂ ಮನಿಯವರು ಅದರ ಕಥಿ ಹೇಳಾಕ ಶುರು ಮಾಡ್ತಾರೆ. ಸೆಮಿಸ್ಟರ್ ರಜೆಗೆ ಊರಿಗೆ ಹೋದ ನಮ್ಮಂಥವರು ಅದನ್ನ ಹೊರಗ ಎಳೆದು, ನೀರು ಹೊಡೆದು, ‘ಇದನ್ನ ಹೊಸದು ಮಾಡಿಬಿಡೋಣ’ ಅಂತೀವಿ. ಅಲ್ಲೇ ಸ್ವಲ್ಪ ನಿಲ್ಲಬೇಕು. ಹೊಸದು ಮಾಡೋದು ಬೇರೆ, ಮೊದಲಿನ ಸ್ಥಿತಿಗೆ ತರೋದು ಬೇರೆ.

ಕಿತ್ತೂರು ಕೋಟೆಯೊಳಗೆ ಅರಮನೆಯ ಗೋಡೆಗಳು ಉಳಿದಾವಲ್ಲ, ಅವಕ್ಕೆ ಯಾರಾದ್ರೂ ಸಿಮೆಂಟ್ ಮೆತ್ತಿ ಡಿಸ್ಟೆಂಪರ್ ಹೊಡೆದ್ರೆ ನಾವು ಸುಮ್ಮನಿರ್ತೀವಾ? ಗಾಡಿ ವಿಷಯದಲ್ಲಿ ಮಾತ್ರ ಅದನ್ನೇ ಮಾಡಿ ಫೋಟೋ ಹಾಕ್ತೀವಿ.

ಈ ಗಾಡಿ ನಮ್ಮ ರಾಜ್ಯದ್ದೇ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ತಂತ್ರಜ್ಞಾನದಿಂದ ಜಾವಾ ತಯಾರಿಸಲು ಶುರು ಮಾಡಿತು. 1973ರಿಂದ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂದರೂ ಅದು ಫೋರ್ ಸ್ಟ್ರೋಕ್. ಅದರ ಎಂಜಿನ್ನಿನ ಸಾಮಾನು ಇದಕ್ಕೆ ಕೂಡೋದಿಲ್ಲ. ಅಂದ್ರೆ ನಿಮ್ಮ ಗಾಡಿಯ ಮೇಲೆ ಇವತ್ತು ಉಳಿದಿರೋ ಕಾರ್ಖಾನೆಯ ಒಂದೊಂದು ಬೋಲ್ಟೂ ಮತ್ತೆ ಸಿಗುವಂಥದ್ದಲ್ಲ. ಮೆಕ್ಯಾನಿಕ್ ‘ಇದನ್ನ ಒಗೀರಿ, ಹೊಸದು ತರ್ತೀನಿ’ ಅಂದ್ರೂ ಹಳೇದನ್ನ ಡಬ್ಬಿಯೊಳಗ ಹಾಕಿ, ಚೀಟಿ ಹಚ್ಚಿ ಇಟ್ಟುಕೊಳ್ಳಿ. ಡೂಪ್ಲಿಕೇಟ್ ಸಾಮಾನು ಅಳತೆಯಲ್ಲಿ ಕೂಡದಿದ್ದಾಗ ಹೋಲಿಸಿ ನೋಡೋಕೆ ಅದೇ ಬೇಕಾಗ್ತದೆ.

ಹಾಗಾಗಿ ಮೊದಲ ಕೆಲಸ ಸ್ಪ್ಯಾನರ್ ಹಿಡಿಯೋದಲ್ಲ, ಬರೆದಿಡೋದು. ವೈರು ಎಲ್ಲಿಂದ ಎಲ್ಲಿಗೆ ಹೋಗ್ಯದ, ಯಾವ ವಾಷರ್ ಯಾವ ಕಡೆ ಅದ, ಕೇಬಲ್ ಹ್ಯಾಂಡಲ್‌ನ ಮುಂದಿಂದ ಬಂದದೋ ಹಿಂದಿಂದ ಬಂದದೋ, ಎಲ್ಲದರ ಫೋಟೋ ತೆಗೆಯಿರಿ. ಫ್ರೇಮ್ ನಂಬರ್ ಮತ್ತು ಎಂಜಿನ್ ನಂಬರ್ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿ ಜೊತೆ ಹೋಲಿಸಿ. ಆ ಜಾಗಕ್ಕೆ ಗ್ರೈಂಡರ್ ಆಗಲಿ, ಸ್ಯಾಂಡ್ ಬ್ಲಾಸ್ಟಿಂಗ್ ಆಗಲಿ ತಾಗಬಾರದು. ನಂಬರ್ ಅಳಿಸಿದರೆ ಗಾಡಿಯ ಗುರುತೇ ಹೋದಂಗ.

ಮೂಲ ಬಣ್ಣ ಯಾವುದು ಅಂತ ಇಂಟರ್ನೆಟ್ ಕೇಳೋ ಬದಲು ಗಾಡಿಯನ್ನೇ ಕೇಳಬೇಕು. ಹೆಡ್‌ಲೈಟಿನ ಒಳಗೆ, ಟೂಲ್ ಬಾಕ್ಸ್ ಮುಚ್ಚಳದ ಹಿಂದೆ, ಟ್ಯಾಂಕ್ ಕೆಳಗೆ ಬಿಸಿಲು ಬೀಳದ ಜಾಗ ಇರ್ತಾವೆ. ಅಲ್ಲಿ ಸಣ್ಣ ವಾಟರ್ ಪೇಪರಿನಿಂದ ನಿಧಾನ ಉಜ್ಜಿದರೆ ಒಂದರ ಕೆಳಗೊಂದು ಪದರು ಕಾಣ್ತಾವೆ, ಎಲ್ಲಕ್ಕೂ ಕೆಳಗೆ ಪ್ರೈಮರ್, ಅದರ ಮೇಲಿಂದು ಕಾರ್ಖಾನೆಯ ಬಣ್ಣ. ಮೂಲ ಬಣ್ಣ ಮುಕ್ಕಾಲು ಭಾಗ ಉಳಿದಿದ್ದರೆ ಮತ್ತೆ ಬಳಿಯೋದು ಬೇಡ ಅನ್ನೋದು ನಮ್ಮ ಅಭಿಪ್ರಾಯ. ತೊಳೆದು, ಪಾಲಿಶ್ ಹಾಕಿ, ತುಕ್ಕು ನಿಲ್ಲಿಸಿದರೆ ಸಾಕು. ಅಜ್ಜನ ಮೊಳಕಾಲು ತಾಗಿ ಟ್ಯಾಂಕ್ ಮೇಲೆ ಸವೆದ ಜಾಗವನ್ನ ಯಾವ ಪೇಂಟರೂ ತಿರುಗಿ ತರಾಕ ಆಗೂದಿಲ್ಲ.

ತುಕ್ಕು ತೆಗೆಯೋಕೆ ಎಲೆಕ್ಟ್ರೊಲಿಸಿಸ್ ಚಂದ ಕೆಲಸ ಮಾಡ್ತದೆ. ನೀರಿಗೆ ವಾಷಿಂಗ್ ಸೋಡಾ ಕರಗಿಸಿ, ಕಬ್ಬಿಣದ ಭಾಗವನ್ನು ಬ್ಯಾಟರಿ ಚಾರ್ಜರಿನ ನೆಗೆಟಿವ್‌ಗೆ, ಒಂದು ಹಳೇ ಕಬ್ಬಿಣದ ತಗಡನ್ನು ಪಾಸಿಟಿವ್‌ಗೆ ಕೊಡಬೇಕು. ತಗಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡ್ತದೆ. ಹೈಡ್ರೋಜನ್ ಹೊರಬರೋದರಿಂದ ಬಯಲಲ್ಲೇ ಮಾಡಬೇಕು, ಹತ್ತಿರ ಬೆಂಕಿ ಬ್ಯಾಡ. ಅಲ್ಯುಮಿನಿಯಂ ಭಾಗಗಳನ್ನ ಈ ನೀರಿಗೆ ಹಾಕಬೇಡಿ, ಕ್ಷಾರ ಅವನ್ನ ತಿಂದುಬಿಡ್ತದೆ.

ಇನ್ನು ಎಂಜಿನ್. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ.; ಲೆಕ್ಕ ಹಾಕಿದ್ರೆ ಸುಮಾರು 249 ಸಿಸಿ. ಸಿಲಿಂಡರ್ ಸವೆದಿದ್ದರೆ ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕ್ತಾರೆ. ಬೋರ್ 66 ಮುಟ್ಟಿದರೆ ಅದೇ ಎಂಜಿನ್ ಹೆಚ್ಚುಕಮ್ಮಿ 257 ಸಿಸಿ ಆಗ್ತದೆ. ತೆಗೆದ ಲೋಹ ತಿರುಗಿ ಬರೋದಿಲ್ಲ, ಕೊನೆಗೆ ಸ್ಲೀವ್ ಹಾಕಿಸೋದೊಂದೇ ದಾರಿ. ಅದಕ್ಕೇ ‘ಒಂದ್ ಬೋರ್ ಹೊಡದ್ಬಿಡೋಣ’ ಅಂತ ಲೇಥ್‌ನವರು ಅಂದ ಕೂಡಲೇ ಹೂಂ ಅನ್ನಬೇಡಿ. ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಮಟ್ಟದಲ್ಲೂ ಎರಡು ದಿಕ್ಕಿನಲ್ಲಿ ಅಳೆದು, ಸವೆತ ಮಿತಿಯೊಳಗಿದ್ದರೆ ಹೊಸ ರಿಂಗ್ ಹಾಕಿ ಬಿಡಬಹುದು.

ಹೊಗೆ ಹೆಚ್ಚು ಅಂದ ಕೂಡಲೇ ಪಿಸ್ಟನ್ ಮೇಲೆ ಅನುಮಾನ ಪಡೋದೂ ಸರಿಯಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ–ಪೆಟ್ರೋಲ್ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕು, ಆಮೇಲೆ ಸಿಲಿಂಡರಿಗೆ ಏರ್ತದೆ. ಆ ಕೋಣೆ ಬಿಗಿಯಾಗಿರಬೇಕು ಅಂದ್ರೆ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ಸರಿ ಇರಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ರಬ್ಬರ್ ಒಣಗಿ ಬಿರುಸಾಗಿರ್ತದೆ. ಕ್ಲಚ್ ಬದಿಯ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಒಳಗೆ ಎಳೆದು, ಓಣಿ ತುಂಬ ಹೊಗೆ. ಡೈನಮೊ ಬದಿಯದು ಹೋಗಿದ್ದರೆ ಹೊಗೆ ಕಾಣೋದೇ ಇಲ್ಲ, ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗ್ತದೆ, ಎಂಜಿನ್ ಕಾದು ಪಿಸ್ಟನ್ ಹಿಡಿದುಬಿಡ್ತದೆ. ಸವದತ್ತಿ ಎಲ್ಲಮ್ಮನ ಗುಡ್ಡ ಏರುವಾಗ ಹಂಗಾದ್ರ ಏನಾಗಬಹುದು ಅಂತ ನೀವೇ ಯೋಚಿಸಿ. ಎರಡನೆಯದೇ ಹೆಚ್ಚು ಅಪಾಯ.

ಈಗಿನ ಪೆಟ್ರೋಲಿನಲ್ಲಿ ಶೇ. 20ರ ತನಕ ಎಥೆನಾಲ್ ಇರ್ತದೆ. ಎಥೆನಾಲಿನೊಳಗೇ ಆಮ್ಲಜನಕ ಇರೋದರಿಂದ ಅದೇ ಜೆಟ್‌ನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗ್ತದೆ. ಅದು ನೀರನ್ನೂ ಹೀರ್ತದೆ, ಹಳೇ ರಬ್ಬರ್ ಪೈಪನ್ನೂ ಕೆಡಿಸ್ತದೆ. ಇಲ್ಲಿ ಮೂಲದ್ದೇ ಇರಲಿ ಅಂತ ಹಟ ಬ್ಯಾಡ. ಎಥೆನಾಲ್ ತಾಳುವ ಪೈಪು ಹಾಕಿ, ಪ್ಲಗ್ಗಿನ ಬಣ್ಣ ನೋಡಿ ಬೇಕಾದರೆ ಒಂದು ಅಳತೆ ದೊಡ್ಡ ಜೆಟ್ ಹಾಕಿ, ತೆಗೆದದ್ದನ್ನು ಡಬ್ಬಿಯಲ್ಲಿಡಿ. ತಿರುಗಿ ಮೊದಲಿನಂತೆ ಮಾಡಬಹುದಾದ ಬದಲಾವಣೆಗೆ ನಮ್ಮ ತಕರಾರಿಲ್ಲ. ಫ್ರೇಮ್ ಕೊಯ್ದು ಅಗಲ ಟೈರ್ ಕೂರಿಸೋದಕ್ಕೆ ಮಾತ್ರ ನಾವು ಪೂರಾ ವಿರೋಧ.

ಕಾನೂನೂ ಹಂಗೇ ಹೇಳ್ತದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗದ ಗಾಡಿಗೆ ವಿಂಟೇಜ್ ನೋಂದಣಿ ಸಿಗ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. 1978ರ ರೋಡ್‌ಕಿಂಗ್ ಇದ್ದವರು 2028ರ ತನಕ ಕಾಯಬೇಕು. ಆದ್ರೆ ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸೋದು, ರಿಪೇರಿ ಇಷ್ಟಕ್ಕೇ ರಸ್ತೆಗೆ ತರಬಹುದು. ದಿನಾ ರಾಮದುರ್ಗದ ಸಂತಿಗೆ ಹೋಗಾಕ ಬರೂದಿಲ್ಲ. ಓಡಿಸೋ ಆಸೆ ಇದ್ದವರು ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸೋದು ಒಳ್ಳೇದು, ಅದಕ್ಕೆ ಫಾರ್ಮ್ 25.

ಆರ್‌ಸಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇದ್ದರೆ ಅದಕ್ಕೂ ಮೊದಲು ಫಾರ್ಮ್ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ನಮ್ಮ ಕಡೆ ಈ ಕೆಲಸಕ್ಕೆ ಬೈಲಹೊಂಗಲದ ಆರ್‌ಟಿಓ, ಅಂದ್ರೆ ಕೆಎ–24. ಬಿಡಿಭಾಗ ಕೊಳ್ಳೋಕೆ ರೊಕ್ಕ ಹಾಕೂಕಿಂತ ಮುಂಚೆ ಕಾಕಾ, ದೊಡ್ಡಪ್ಪ, ಅತ್ತಿ ಎಲ್ಲಾರನ್ನೂ ಕೂಡಿಸಿ ಗಾಡಿ ಯಾರ ಹೆಸರಿಗೆ ಅಂತ ಮಾತಾಡಿಕೊಳ್ಳಿ. ಕೊಟ್ಟಿಗೆಯಲ್ಲಿದ್ದಾಗ ಯಾರಿಗೂ ಬೇಡಾಗಿದ್ದ ಗಾಡಿ, ಸ್ಟಾರ್ಟ್ ಆದ ದಿನ ಎಲ್ಲಾರದೂ ಆಗ್ತದೆ.