ಚಿನ್ನ ಅಸಲಿ, ಆದರೆ ನಾಣ್ಯ?

ಚಿನ್ನದ ಗುಣ ತಿಳಿಯಬೇಕಾದರೆ ಅಕ್ಕಸಾಲಿಗರು ಅದನ್ನು ಒರೆಗಲ್ಲಿಗೆ ಉಜ್ಜುತ್ತಾರೆ. ಗೆರೆಯ ಬಣ್ಣವೇ ಸಾಕ್ಷಿ. ಆದರೆ ಹಳೆಯ ಚಿನ್ನದ ನಾಣ್ಯಗಳನ್ನು ಸಂಗ್ರಹಿಸುವವರು ಒರೆಗಲ್ಲನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಒಂದು ಗೀರು ಬಿದ್ದರೂ ನಾಣ್ಯದ ಬೆಲೆ ಕುಸಿಯುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ: ಚಿನ್ನ ಅಸಲಿಯಾದ ಮಾತ್ರಕ್ಕೆ ನಾಣ್ಯ ಅಸಲಿಯಾಗಬೇಕೆಂದಿಲ್ಲ!

ಈ ಮಾತು ಅರ್ಥವಾಗಲು ಅಮೆರಿಕದ ಒಂದು ನಾಣ್ಯದ ಕಥೆ ಸಾಕು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಜನ ಸಾಗರೋಪಾದಿಯಲ್ಲಿ ಅಲ್ಲಿಗೆ ಧಾವಿಸಿದರು. ಅಗೆದು ತೆಗೆದ ಚಿನ್ನವನ್ನು ಅಲ್ಲಿಯೇ ನಾಣ್ಯವಾಗಿಸಲು 1854ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟಂಕಸಾಲೆ ಆರಂಭವಾಯಿತು. ಅಲ್ಲಿ ಮುದ್ರಿಸಿದ ನಾಣ್ಯಗಳಿಗೆ ‘ಎಸ್’ ಎಂಬ ಪುಟ್ಟ ಅಕ್ಷರವೇ ಗುರುತು. ನಮ್ಮ ರೂಪಾಯಿ ನಾಣ್ಯಗಳಲ್ಲಿ ಇಸವಿಯ ಕೆಳಗೆ ಮುಂಬೈಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ ಇರುವುದಿಲ್ಲವೇ? ಹಾಗೆಯೇ ಇದೂ.

ಗಣಿಯಿಂದ ಬಂದ ಚಿನ್ನದಲ್ಲಿ ಬೆಳ್ಳಿಯೂ ಬೆರೆತಿರುತ್ತದೆ. ಅದನ್ನು ಬೇರ್ಪಡಿಸಲು ಆಮ್ಲ ಬೇಕು. ಹೊಸ ಟಂಕಸಾಲೆಯಲ್ಲಿ ಆಮ್ಲದ ಕೊರತೆಯಿತ್ತು. ಹೀಗಾಗಿ ಆ ವರ್ಷ ಅಲ್ಲಿ ‘ಹಾಫ್ ಈಗಲ್’ ಎಂಬ ಐದು ಡಾಲರ್ ನಾಣ್ಯಗಳು ತಯಾರಾದದ್ದು ಕೇವಲ 268. ಅವುಗಳಲ್ಲಿ ಮೂರು ಮಾತ್ರ ಉಳಿದಿವೆ ಎಂದು ಬಹುಕಾಲ ನಂಬಲಾಗಿತ್ತು. ಒಂದು ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಇನ್ನೊಂದು ಖಾಸಗಿ ಸಂಗ್ರಾಹಕರ ಬಳಿ ಇತ್ತು. ಮತ್ತೊಂದು 1967ರಲ್ಲಿ ಕಳವಾಯಿತು.

ಇಂಥ ಅಪರೂಪದ ನಾಣ್ಯವೆಂದರೆ ವಂಚಕರಿಗೆ ಸುಗ್ಗಿ. ಅವರನ್ನು ಹಿಡಿಯಲು ಮೊದಲು ನೆರವಾಗುವವನು ಆರ್ಕಿಮಿಡೀಸ್. ಆ ಕಾಲದ ಅಮೆರಿಕದ ಚಿನ್ನದ ನಾಣ್ಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಚಿನ್ನ, ಉಳಿದದ್ದು ಹೆಚ್ಚಾಗಿ ತಾಮ್ರ. ಹೊಸ ಹಾಫ್ ಈಗಲ್ ನಾಣ್ಯದ ತೂಕ 8.36 ಗ್ರಾಂ. ಅದನ್ನು ನೀರಿನಲ್ಲಿ ಮುಳುಗಿಸಿ ತೂಗಿದರೆ ಸುಮಾರು 7.87 ಗ್ರಾಂ ಬರುತ್ತದೆ. ಕಡಿಮೆಯಾದ ತೂಕ 0.49 ಗ್ರಾಂ. ಇದರಿಂದ 8.36ನ್ನು ಭಾಗಿಸಿದರೆ 17ಕ್ಕಿಂತ ತುಸು ಹೆಚ್ಚು. ಇದೇ ಆ ನಾಣ್ಯದ ಸಾಪೇಕ್ಷ ಸಾಂದ್ರತೆ. ಸೀಸಕ್ಕೆ ಚಿನ್ನದ ಲೇಪ ಕೊಟ್ಟಿದ್ದರೆ ಈ ಅಂಕಿ 11ರ ಆಸುಪಾಸಿನಲ್ಲಿರುತ್ತದೆ. ಹಿತ್ತಾಳೆಯಾದರೆ ಇನ್ನೂ ಕಡಿಮೆ. ನಾಣ್ಯಕ್ಕೆ ಒಂದಿಷ್ಟೂ ಗಾಯವಾಗದೆ ಗುಟ್ಟು ಬಯಲಾಗುತ್ತದೆ.

ಆದರೆ ಜಾಣ ವಂಚಕರು ಚಿನ್ನದಲ್ಲಿ ಮೋಸ ಮಾಡುವುದೇ ಇಲ್ಲ. ಸರಿಯಾದ ಪ್ರಮಾಣದ ಚಿನ್ನವನ್ನೇ ಬಳಸಿ ಹೊಸ ಅಚ್ಚಿನಲ್ಲಿ ಹಳೆಯ ನಾಣ್ಯ ಮುದ್ರಿಸುತ್ತಾರೆ. ಒಂದು ಹಾಫ್ ಈಗಲ್‌ನಲ್ಲಿರುವ ಚಿನ್ನ ಏಳೂವರೆ ಗ್ರಾಂ ಮಾತ್ರ. ಸಂಗ್ರಾಹಕರು ಕೊಡುವ ಬೆಲೆ ಚಿನ್ನಕ್ಕಲ್ಲ, ಅಪರೂಪಕ್ಕೆ. ಲಾಭವಿರುವುದೂ ಅಲ್ಲೇ. ಸಾಮಾನ್ಯ ನಾಣ್ಯವೊಂದಕ್ಕೆ ‘ಎಸ್’ ಅಕ್ಷರವನ್ನು ಅಂಟಿಸಿ ಮಾರುವವರೂ ಇದ್ದಾರೆ. ಇಲ್ಲಿ ತಕ್ಕಡಿ ಸೋಲುತ್ತದೆ. ಭೂತಗನ್ನಡಿ, ಸೂಕ್ಷ್ಮದರ್ಶಕಗಳ ಕೆಲಸ ಶುರುವಾಗುತ್ತದೆ.

ಇದರ ಹಿಂದಿನ ತರ್ಕ ಸರಳ, ಆದರೆ ಸೊಗಸು. ನಾಣ್ಯ ಮುದ್ರಿಸುವ ಉಕ್ಕಿನ ಅಚ್ಚಿನ ಮೇಲೆ ಗೀರು ಬಿದ್ದಿದೆ ಎಂದುಕೊಳ್ಳಿ. ಅಚ್ಚಿನಲ್ಲಿ ಅದು ತಗ್ಗು. ಮುದ್ರಿಸುವಾಗ ಲೋಹ ಆ ತಗ್ಗಿನೊಳಗೆ ತುಂಬಿಕೊಳ್ಳುವುದರಿಂದ ನಾಣ್ಯದ ಮೇಲೆ ಅದು ಉಬ್ಬುಗೆರೆಯಾಗುತ್ತದೆ. ಆಮೇಲೆ ಆ ಅಚ್ಚಿನಿಂದ ಬರುವ ನಾಣ್ಯಗಳಲ್ಲೂ ಅದೇ ಜಾಗದಲ್ಲಿ ಅದೇ ಉಬ್ಬು ಕಾಣುತ್ತದೆ. ನಾಣ್ಯ ಚಲಾವಣೆಗೆ ಬಂದ ಮೇಲೆ ಬೀಳುವ ಗೀರು ಹಾಗಲ್ಲ. ಅದು ತಗ್ಗಾಗಿರುತ್ತದೆ, ಒಂದೊಂದು ನಾಣ್ಯದಲ್ಲಿ ಒಂದೊಂದು ಕಡೆ ಇರುತ್ತದೆ.

ಈಗ ವಂಚಕನೊಬ್ಬ ಅಸಲಿ ನಾಣ್ಯದ ಪಡಿಯಚ್ಚು ತೆಗೆದು ಖೋಟಾ ನಾಣ್ಯ ಮುದ್ರಿಸಿದ ಎನ್ನೋಣ. ಅಸಲಿಯ ಮೇಲಿದ್ದ ಗೀರು, ತಗ್ಗುಗಳೂ ಆ ಅಚ್ಚಿಗೆ ಇಳಿದು ಎಲ್ಲ ಖೋಟಾ ನಾಣ್ಯಗಳಲ್ಲೂ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತವೆ. ಎರಡು ನಾಣ್ಯಗಳಿಗೆ ಒಂದೇ ಕಡೆ ಒಂದೇ ಬಗೆಯ ಪೆಟ್ಟು ಬೀಳಲು ಸಾಧ್ಯವೇ? ಉಬ್ಬು ತಾಳೆಯಾದರೆ ಒಂದೇ ಅಚ್ಚಿನ ಸೋದರರು. ಪೆಟ್ಟಿನ ತಗ್ಗು ತಾಳೆಯಾದರೆ ಅನುಮಾನಿಸಲೇಬೇಕು.

ಈ ಪರೀಕ್ಷೆ ಖೋಟಾ ನಾಣ್ಯವನ್ನು ಹಿಡಿಯುವುದಷ್ಟೇ ಅಲ್ಲ, ಅಸಲಿಯನ್ನು ಕಾಪಾಡುವುದೂ ಉಂಟು. 2018ರಲ್ಲಿ ನ್ಯೂ ಇಂಗ್ಲೆಂಡ್ ಪ್ರದೇಶದ ಒಬ್ಬರು ತಮ್ಮಲ್ಲಿದ್ದ 1854ರ ‘ಎಸ್’ ಗುರುತಿನ ಹಾಫ್ ಈಗಲ್ಲನ್ನು ನಾಣ್ಯ ಪ್ರದರ್ಶನವೊಂದಕ್ಕೆ ಒಯ್ದರು. ನೋಡಿದ ವ್ಯಾಪಾರಿಗಳು ಖೋಟಾ ಎಂದರು. ಮೂರೇ ಇರುವ ನಾಣ್ಯ ನಾಲ್ಕನೆಯದಾಗಿ ಎದುರಿಗೆ ಬಂದರೆ ಯಾರು ತಾನೇ ನಂಬುತ್ತಾರೆ? ಮಾಲೀಕರು ಆ ಮಾತಿಗೆ ಸೋತು ಅದನ್ನು ಚಿನ್ನದ ಬೆಲೆಗೆ ಮಾರಿಬಿಟ್ಟಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಅವರು ಹಾಗೆ ಮಾಡದೆ ನಾಣ್ಯಗಳನ್ನು ಪರೀಕ್ಷಿಸುವ ಎನ್‌ಜಿಸಿ ಸಂಸ್ಥೆಗೆ ಒಪ್ಪಿಸಿದರು. ತಜ್ಞರು ಅದನ್ನು ಸ್ಮಿತ್ಸೋನಿಯನ್ ನಾಣ್ಯದ ಚಿತ್ರಗಳೊಂದಿಗೆ ಹೋಲಿಸಿದರು. ಅಚ್ಚಿನ ಗುರುತುಗಳು ತಾಳೆಯಾದವು. 1967ರಲ್ಲಿ ಕಳವಾದ ನಾಣ್ಯ ಇದಲ್ಲವೆಂಬುದೂ ಹಳೆಯ ಚಿತ್ರದಿಂದ ಖಚಿತವಾಯಿತು. ಅದೇ ವರ್ಷ ನಡೆದ ಹರಾಜಿನಲ್ಲಿ ಆ ನಾಣ್ಯ ಹತ್ತು ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು.

ವ್ಯಾಪಾರಿಗಳನ್ನು ದೂರುವಂತಿಲ್ಲ. ಅಂಥ ನಾಣ್ಯಗಳಲ್ಲಿ ಖೋಟಾಗಳೇ ಹೆಚ್ಚು ಎಂಬುದು ಅವರ ಅನುಭವ. ಆದರೆ ಅನುಭವ ಹೇಳುವುದು ಸಂಭವವನ್ನು ಮಾತ್ರ. ಎದುರಿಗಿರುವ ಒಂದು ನಾಣ್ಯದ ಬಗ್ಗೆ ತೀರ್ಪು ಕೊಡಬೇಕಾದದ್ದು ಪರೀಕ್ಷೆ.

ನಾಣ್ಯ ಸಂಗ್ರಹದ ಹವ್ಯಾಸವಿರುವ ಮಕ್ಕಳಿಗೂ ಅವರ ಪೋಷಕರಿಗೂ ಇದರಲ್ಲಿ ಪಾಠವಿದೆ. ಅಪರೂಪದ್ದು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬಾರದು. ಪ್ರಮಾಣಪತ್ರವಿದ್ದರೂ ಅದರ ಸಂಖ್ಯೆಯನ್ನು ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸಬೇಕು, ಏಕೆಂದರೆ ಈಗ ಪ್ರಮಾಣಪತ್ರಗಳಲ್ಲೂ ಖೋಟಾ ಇವೆ. ಹೊಳಪಿಗಾಗಿ ನಾಣ್ಯವನ್ನು ಉಜ್ಜಲೇಬಾರದು. ಉಜ್ಜಿದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಇದನ್ನು ಕಲಿಯಲು ಚಿನ್ನವೇನೂ ಬೇಕಿಲ್ಲ. ಜೇಬಿನಲ್ಲಿರುವ ಒಂದೇ ಇಸವಿಯ ಎರಡು ನಾಣ್ಯ, ಒಂದು ಭೂತಗನ್ನಡಿ, ಅರ್ಧ ಗಂಟೆಯ ತಾಳ್ಮೆ ಇದ್ದರೆ ಸಾಕು.